ಸಂಜೆ ನಾಲ್ಕರ ಹಸಿವಿಗೆ ಏನು ಕೊಟ್ಟು ಕಳಿಸಿದಿರಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ತೂಕದ ಬಗ್ಗೆಯೇ ಇವೆ. ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರಾಗಿ 24 ವರ್ಷವಾಯಿತು. ಮೊದಲೆಲ್ಲ ತಾಯಂದಿರು "ಏನೂ ತಿನ್ನಂಗಿಲ್ರಿ, ತೂಕ ಏರವಲ್ದು" ಎಂದು ಬರುತ್ತಿದ್ದರು. ಈಗಲೂ ಬರುತ್ತಾರೆ. ಆದರೆ ಅದೇ ಬೆಂಚಿನ ಮೇಲೆ, ಅವರ ಪಕ್ಕದಲ್ಲೇ, "ತೂಕ ಇಳಿಯವಲ್ದು" ಎನ್ನುವವರೂ ಕೂತಿರುತ್ತಾರೆ. ಅದಕ್ಕೇ ಈ ಕಂತು ಪೂರ್ತಿ ಇದೇ ವಿಷಯಕ್ಕೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ತೂಕ 72 ಕೆ.ಜಿ., ಎತ್ತರ 5 ಅಡಿ 2 ಇಂಚು. ಶಾಲೆ ಬಿಟ್ಟ ಮೇಲೆ ಹಾಗೇ ಟ್ಯೂಷನ್ನಿಗೆ ಹೋಗುತ್ತಾನೆ. ದಾರಿಯಲ್ಲಿ ಗೋಬಿ ಮಂಚೂರಿ, ಎಗ್ ರೈಸ್, ಕೋಲಾ. ರಾತ್ರಿ ಬಂದು ಹಸಿವಿಲ್ಲ ಅಂತಾನೆ. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಾನೆ. ಅವರಪ್ಪ ದಿನಾ ಬೈಯುತ್ತಾರೆ. ಇನ್ನೊಂದು, ಅವನ ಕುತ್ತಿಗೆ ಹಿಂದೆ ಕಪ್ಪಾಗಿದೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.
— ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಾಯಿ, ಮೊದಲು ಆ ಕುತ್ತಿಗೆ ತಿಕ್ಕುವುದನ್ನು ನಿಲ್ಲಿಸಿ. ಅದು ಕೊಳೆ ಅಲ್ಲ. ಮೈಯಲ್ಲಿ ಬೊಜ್ಜು ಜಾಸ್ತಿಯಾದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಮಾಡುತ್ತದೆ. ಅದರ ಗುರುತು ಕುತ್ತಿಗೆ ಮತ್ತು ಕಂಕುಳಲ್ಲಿ ಹೀಗೆ ಕಪ್ಪಾಗಿ, ದಪ್ಪಗೆ ಕಾಣುತ್ತದೆ. ಎಷ್ಟೋ ತಾಯಂದಿರು ಕಲ್ಲು ಹಚ್ಚಿ ತಿಕ್ಕಿ, ಮಗುವಿನ ಚರ್ಮ ಕೆಂಪಾಗಿಸಿಕೊಂಡು ಬರುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಈ ವಾರವೇ ನಿಮ್ಮ ಹತ್ತಿರದ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಲಿವರ್, ಕೊಲೆಸ್ಟ್ರಾಲ್, ಬಿ.ಪಿ. ಇಷ್ಟನ್ನು ನೋಡಿಸಿ. ಎತ್ತರಕ್ಕೆ ತೂಕ ಹೊಂದುತ್ತದಾ ಎಂದು ನೋಡುವ ದೊಡ್ಡವರ ಬಿ.ಎಂ.ಐ. ಲೆಕ್ಕ ಮಕ್ಕಳಿಗೆ ಹಾಗೇ ಹೊಂದುವುದಿಲ್ಲ. ವಯಸ್ಸಿಗೆ ತಕ್ಕ ಚಾರ್ಟ್ ಬೇರೆ ಇದೆ, ಡಾಕ್ಟರ್ ಅದರಲ್ಲಿ ಗುರುತು ಹಾಕಿ ತೋರಿಸುತ್ತಾರೆ. ನೀವು ಬರೆದ ಅಳತೆ ನೋಡಿದರೆ ನಿಮ್ಮ ಮಗ ಬೊಜ್ಜಿನ ಗೆರೆ ದಾಟಿದ್ದಾನೆ. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಆದರೆ 13 ವರ್ಷ ಅಂದರೆ ಇನ್ನೂ ಬೆಳೆಯುವ ವಯಸ್ಸು. ಅದು ನಮ್ಮ ಪರವಾಗಿಯೇ ಇದೆ.

ಈಗ ಒಂದು ಲೆಕ್ಕ ಮಾಡಿ. ಅವನು ಮಧ್ಯಾಹ್ನದ ಡಬ್ಬಿ ತಿನ್ನುವುದು ಒಂದು ಗಂಟೆಯ ಸುಮಾರಿಗೆ. ಟ್ಯೂಷನ್ ಮುಗಿಸಿ ಮನೆ ಮುಟ್ಟುವುದು ಎಂಟಕ್ಕೆ. ನಡುವೆ ಏಳು ತಾಸು. ಬೆಳೆಯುವ ಹುಡುಗನಿಗೆ ಏಳು ತಾಸು ಹಸಿದಿರು ಎಂದರೆ ಆಗುತ್ತದಾ? ನಾಲ್ಕು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಕೈಯಲ್ಲಿ ದುಡ್ಡಿದೆ. ಎದುರಿಗೆ ಗಾಡಿ ಇದೆ, ಬಾಣಲೆಯ ವಾಸನೆ ಬರುತ್ತಿದೆ. ಅವನು ಅಲ್ಲಿ ನಿಲ್ಲದೆ ಇನ್ನೇನು ಮಾಡುತ್ತಾನೆ?

ನಾನೂ ಇದನ್ನೇ ಮಾಡಿದವಳು. ನನ್ನ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಂಜೆ ನನಗೆ ಪೇಷಂಟ್ ಜಾಸ್ತಿ. ಬೆಳಿಗ್ಗೆಯೇ ಅವನ ಕೈಗೆ 50 ರೂಪಾಯಿ ಕೊಟ್ಟು, ಏನಾದರೂ ತಿನ್ನು ಎಂದು ಕಳಿಸುತ್ತಿದ್ದೆ. ಒಂದು ವರ್ಷದಲ್ಲಿ 9 ಕೆ.ಜಿ. ಏರಿದ. ಊರ ಮಕ್ಕಳ ತೂಕವನ್ನೆಲ್ಲ ಬರೆದಿಡುವ ನಾನು ಮನೆಯ ಮಗುವನ್ನು ತಕ್ಕಡಿ ಮೇಲೆ ನಿಲ್ಲಿಸಿರಲಿಲ್ಲ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟಿನ ಗುಂಡಿ ಡಿಸೆಂಬರಿನಲ್ಲಿ ಕೂಡಲಿಲ್ಲ. ಆವತ್ತು ಗೊತ್ತಾಯಿತು. ನಾನು ಅವನ ಮೇಲೆ ರೇಗಿದೆ. ಅಡುಗೆ ಮನೆಯಿಂದ ನಮ್ಮ ಅತ್ತೆ ಒಂದೇ ಮಾತು ಕೇಳಿದರು: "ನಾಕ ಗಂಟೇಕ ಅಂವಗ ಏನ ಕೊಟ್ಟ ಕಳಸ್ತೀಯವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದ ಅತ್ತೆಯೇ ಎರಡನೇ ಡಬ್ಬಿ ಕಟ್ಟಲು ಶುರು ಮಾಡಿದರು.

ಆ ಡಬ್ಬಿಯಲ್ಲಿ ಏನಿರುತ್ತಿತ್ತು ಹೇಳುತ್ತೇನೆ. ಮೆತ್ತನೆಯ ಜೋಳದ ರೊಟ್ಟಿಗೆ ಗಟ್ಟಿ ಮೊಸರು ಸವರಿ, ಶೇಂಗಾ ಚಟ್ನಿ ಉದುರಿಸಿ, ಸುತ್ತಿ ಕೊಡುವುದು. ತಟ್ಟೆಯಲ್ಲಿ ರೊಟ್ಟಿ ಬೇಡ ಎನ್ನುತ್ತಿದ್ದ ಹುಡುಗ ಸುತ್ತಿದ ರೊಟ್ಟಿಯನ್ನು ಗೆಳೆಯರ ಜೊತೆ ಹಂಚಿ ತಿಂದು ಬರುತ್ತಿದ್ದ. ಇನ್ನೊಂದು ದಿನ ಮನೆಯ ಗಿರ್ಮಿಟ್. ಚುರುಮರಿ ಒಂದು ಡಬ್ಬಿಗೆ, ಉಳ್ಳಾಗಡ್ಡಿ ಒಗ್ಗರಣೆ ಮತ್ತು ಪುಟಾಣಿ ಹಿಟ್ಟು ಇನ್ನೊಂದಕ್ಕೆ. ಮೊದಲೇ ಕಲಸಿದರೆ ಚುರುಮರಿ ಮೆತ್ತಗಾಗುತ್ತದೆ, ಅಲ್ವಾ. ತಿನ್ನುವ ಹೊತ್ತಿಗೆ ಅವನೇ ಕಲಸಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಕುದಿಸಿದ ಶೇಂಗಾ, ಒಮ್ಮೊಮ್ಮೆ ಎರಡು ಮೊಟ್ಟೆ. ಪೇರಲದ ಕಾಲದಲ್ಲಿ ನವಲೂರಿನ ಪೇರಲ ಹಣ್ಣು. ಹೊಟ್ಟೆ ತುಂಬಿದ ಮೇಲೆ ಗಾಡಿ ಮುಂದೆ ನಿಂತರೂ ಗೆಳೆಯನ ತಟ್ಟೆಯಿಂದ ಎರಡು ತುಂಡು ತಿಂದು ಬರುತ್ತಿದ್ದ, ಅಷ್ಟೇ. ಅದನ್ನು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಕೋಲಾ ಮಾತ್ರ ಮನೆಗೆ ತರುವುದನ್ನು ನಿಲ್ಲಿಸಿ. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಮಗನಿಂದಲೇ ಓದಿಸಿ. 100 ಮಿ.ಲೀ.ಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ. 250 ಮಿ.ಲೀ. ಬಾಟಲಿ ಎಂದರೆ 26 ಗ್ರಾಂ ಆಸುಪಾಸು, ಐದಾರು ಚಹಾ ಚಮಚ. 2000 ಕ್ಯಾಲೊರಿ ಉಣ್ಣುವವರಿಗೆ ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಡೀ ದಿನದ್ದು ಒಂದೇ ಬಾಟಲಿಯಲ್ಲಿ ಮುಗಿಯಿತು. ಗೋಬಿ ವಿಷಯಕ್ಕೆ ಬಂದರೆ, ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಬಣ್ಣ ಹೋದರೂ ಮೈದಾ ಮತ್ತು ಕಾರ್ನ್‌ಫ್ಲೋರ್ ಹೀರಿದ ಎಣ್ಣೆ ಅಲ್ಲೇ ಇರುತ್ತದೆ. ಬಣ್ಣವಿಲ್ಲದ ಗೋಬಿ ಒಳ್ಳೆಯದು ಎಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು.

ಇವರ ಯಜಮಾನರಿಗೆ ಒಂದು ಮಾತು. ಸಾಹೇಬ್ರೇ, ತಟ್ಟೆ ಮುಂದೆ ಕೂತಾಗ ಬೈಯಬೇಡಿ. ಬೈಸಿಕೊಂಡ ಮಗು ತಿನ್ನುವುದು ಬಿಡುವುದಿಲ್ಲ, ಮುಚ್ಚಿಟ್ಟುಕೊಂಡು ತಿನ್ನುತ್ತದೆ. ಅವನಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂದೂ ಮಾಡಬೇಡಿ. ಅವನ ತೂಕ ಇಳಿಸುವ ಅವಸರವೂ ಬೇಡ. ಒಂದು ವರ್ಷ 72ರಲ್ಲೇ ನಿಂತು ಎತ್ತರ ಎರಡು ಮೂರು ಇಂಚು ಬೆಳೆದರೆ ಅದೇ ದೊಡ್ಡ ಗೆಲುವು.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು, 22 ವರ್ಷ. ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ. (ಪೇಯಿಂಗ್ ಗೆಸ್ಟ್) ರೂಮಿನಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಒಂದೂವರೆ ವರ್ಷದಲ್ಲಿ 11 ಕೆ.ಜಿ. ಹೆಚ್ಚಾಗಿದ್ದೇನೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ಊರಿಗೆ ಹೋದರೆ ಎಲ್ಲರ ಕಣ್ಣೂ ನನ್ನ ಮೈಮೇಲೆ. ರಾತ್ರಿ ಊಟ ಬಿಡಲಾ? ತೂಕ ಇಳಿಸುವ ಪುಡಿ ತರಿಸಲಾ?
— ಒಬ್ಬ ಓದುಗಳು, ಧಾರವಾಡ

ಉತ್ತರ: ತಂಗಿ, ಪುಡಿ ತರಿಸಬೇಡ. ಊಟವನ್ನೂ ಬಿಡಬೇಡ. ಸಪ್ತಾಪುರದ ಆ ಓಣಿಗಳು ನನಗೆ ಗೊತ್ತು. ಬೆಳಿಗ್ಗೆ ಏಳಕ್ಕೆ ಲೈಬ್ರರಿ ಕುರ್ಚಿ ಹಿಡಿದರೆ ರಾತ್ರಿ ಹತ್ತಕ್ಕೆ ಏಳುವುದು. ಊರಲ್ಲಿದ್ದಾಗ ನೀನು ಹೊಲಕ್ಕೆ ಹೋಗುತ್ತಿದ್ದೆ, ನೀರು ಹೊರುತ್ತಿದ್ದೆ. ಈಗ ಮೈ ಅಲುಗುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಹಸಿವಾಗಿ ನೂಡಲ್ಸ್ ಕುದಿಸುತ್ತೀಯ. ಒಂದಕ್ಕೆ ಮಲಗಿ ಆರಕ್ಕೆ ಏಳುತ್ತೀಯ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದದ್ದರ ಕಡೆಗೇ ಎಳೆಯುತ್ತದೆ. ಇದು ನಿನ್ನ ಮನಸ್ಸಿನ ದುರ್ಬಲತೆ ಅಲ್ಲ, ದೇಹ ಕೇಳುವುದೇ ಹಾಗೆ.

ಮೊದಲು ಹೆರಿಗೆ ಡಾಕ್ಟರ್ ಹತ್ತಿರ ಹೋಗು. ಮದುವೆಯಾಗದ ಹುಡುಗಿ ಅಲ್ಲಿ ಯಾಕೆ ಹೋಗಬೇಕು ಎಂಬ ಹಿಂಜರಿಕೆ ಬೇಡ. ಥೈರಾಯ್ಡ್ ಮತ್ತು ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎರಡನ್ನೂ ನೋಡಿಸು. ಪಿಸಿಓಡಿ ಇದ್ದರೆ ಭಯ ಪಡಬೇಡ. ಇರುವ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಎಷ್ಟೋ ಹುಡುಗಿಯರಿಗೆ ಮುಟ್ಟು ಸರಿಹೋಗುತ್ತದೆ. ನೀನು 70 ಇದ್ದರೆ ಮೂರೂವರೆ ಕೆ.ಜಿ., ಅಷ್ಟೇ.

ಖಾನಾವಳಿಯಲ್ಲಿ ಮಧ್ಯಾಹ್ನ ಎರಡು ರೊಟ್ಟಿ, ಕಾಳು ಪಲ್ಲೆ, ಹಸಿ ಉಳ್ಳಾಗಡ್ಡಿ, ಸವತಿಕಾಯಿ ಕೇಳಿ ಹಾಕಿಸಿಕೋ. ಅನ್ನ ಕೊನೆಗೆ, ಸ್ವಲ್ಪ. ರಾತ್ರಿ ಎಂಟಕ್ಕೇ ಊಟ ಮುಗಿಸು. ಪಿ.ಜಿ.ಯಲ್ಲಿ ಕೆಟಲ್ ಇದ್ದೇ ಇರುತ್ತದೆ. ಬೆಳಿಗ್ಗೆ ಹೆಸರುಕಾಳು ನೆನೆಹಾಕಿ ಹೋಗು, ಸಂಜೆಗೆ ಮೆತ್ತಗಾಗಿರುತ್ತದೆ. ತೊಳೆದು, ಕೆಟಲ್‌ನಲ್ಲಿ ಕುದಿಸಿ, ಉಪ್ಪು ಹಾಕಿ ನಿಂಬೆ ಹಿಂಡಿಕೊಂಡು ತಿನ್ನು. ಸಂಜೆ ಐದಕ್ಕೆ ಪುಸ್ತಕ ಮುಚ್ಚಿ ಮುಕ್ಕಾಲು ತಾಸು ಜೋರಾಗಿ ನಡೆ. ಕರ್ನಾಟಕ ಕಾಲೇಜಿನ ಕಡೆ ಮರಗಳ ನೆರಳಿದೆ, ನಿನ್ನಂಥ ಹುಡುಗಿಯರೂ ಇರುತ್ತಾರೆ. ಆ ಮುಕ್ಕಾಲು ತಾಸಿನಿಂದ ನಿನ್ನ ಪರೀಕ್ಷೆ ಹಾಳಾಗುವುದಿಲ್ಲ. ಊರವರ ಮಾತಿಗೆ ಉತ್ತರ ಕೊಡುವ ಕೆಲಸವನ್ನು ನಿಮ್ಮ ಅವ್ವನಿಗೆ ಬಿಡು. ಈ ಪತ್ರಿಕೆಯನ್ನು ಅವರಿಗೂ ತೋರಿಸು.

ಪ್ರಶ್ನೆ: ನಮ್ಮ ಕಾಲದಲ್ಲಿ ನಾವೂ ಮಿರ್ಚಿ ಭಜಿ ತಿಂದು ಬೆಳೆದವರು. ನಮಗೇನೂ ಆಗಲಿಲ್ಲ. ಈಗಿನವರು ಸುಮ್ನೆ ತಿನ್ನುವುದಕ್ಕೆಲ್ಲ ಹೆದರಿಸುತ್ತೀರಿ.
— 71 ವರ್ಷದ ಓದುಗರು, ಗದಗ

ಉತ್ತರ: ಹಿರಿಯರೇ, ಗದಗಿನ ಭಜಿಯನ್ನು ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಆದರೆ ನೀವೇ ನೆನಪು ಮಾಡಿಕೊಳ್ಳಿ. ನೀವು ಭಜಿ ತಿನ್ನುತ್ತಿದ್ದದ್ದು ಸಂತೆಯ ದಿನ. ಸಂತೆಗೆ ಬಂದದ್ದು ನಡೆದುಕೊಂಡೋ, ಸೈಕಲ್ ತುಳಿದೋ. ಭಜಿಯ ಜೊತೆ ಒಂದು ಹಿಡಿ ಚುರುಮರಿ, ಆಮೇಲೆ ಬರೀ ನೀರು. ನಿಮ್ಮ ಮೊಮ್ಮಗನಿಗೆ ವಾರದ ಏಳೂ ದಿನ ಸಂತೆ. ಮೊಬೈಲ್ ಒತ್ತಿದರೆ ಸಂತೆಯೇ ಬಾಗಿಲಿಗೆ ಬರುತ್ತದೆ. ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು. 2022ರ ಹೊತ್ತಿಗೆ 1 ಕೋಟಿ 25 ಲಕ್ಷ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಭಜಿ ಆಗಲೂ ಇತ್ತು, ಈಗಲೂ ಇದೆ. ಅದನ್ನು ತಿನ್ನುವ ದಿನಗಳು ಹೆಚ್ಚಿದವು, ನಡೆಯುವ ದಾರಿ ಕಡಿಮೆಯಾಯಿತು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಮೊಮ್ಮಗನನ್ನು ವಾರಕ್ಕೊಮ್ಮೆ ನೀವೇ ಕರೆದುಕೊಂಡು ಹೋಗಿ ಭಜಿ ಕೊಡಿಸಿ, ನಡೆದೇ ಹೋಗಿ. ಎಣ್ಣೆ ಕಪ್ಪಾಗಿ ಹೊಗೆಯಾಡುವ ಬಾಣಲೆ ಇದ್ದರೆ ಮುಂದಿನ ಅಂಗಡಿಗೆ ಹೋಗಿ. ಅವನು ನಿಮ್ಮ ಮಾತು ಕೇಳುವಷ್ಟು ನನ್ನ ಮಾತು ಕೇಳುವುದಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ನಮ್ಮ ಶಾಲೆಯ ಗೇಟಿನ ಎದುರೇ 5 ರೂಪಾಯಿ ಚಿಪ್ಸ್ ಪೊಟ್ಟಣಗಳ ಸಾಲು. ಮಕ್ಕಳು ಬಿಸಿಯೂಟ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಇದಕ್ಕೆ ಕಾನೂನು ಇಲ್ಲವೇ?
— ಹಾವೇರಿ ಜಿಲ್ಲೆ

ಉತ್ತರ: ಇದೆ ಟೀಚರ್. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಗಳನ್ನು ಶಾಲೆಯ ಒಳಗೂ, ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಬರೆಸಿ, ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಪತ್ರ ಕೊಡಿ. ಆದರೆ ಅದಕ್ಕೂ ಮೊದಲು ಅಂಗಡಿಯವರ ಜೊತೆ ಕೂತು ಮಾತಾಡಿ. ಅವರದೂ ಹೊಟ್ಟೆಪಾಡು. ಅದೇ 5 ರೂಪಾಯಿಗೆ ಶೇಂಗಾ ಚಿಕ್ಕಿ, ಬಾಳೆಹಣ್ಣು, ಹುರಿದ ಕಡಲೆ ಇಟ್ಟರೆ ಅದೂ ಮಾರಾಟವಾಗುತ್ತದೆ. ನೀವು ಶಿಕ್ಷಕರು ಮೊದಲ ವಾರ ಮಕ್ಕಳ ಎದುರೇ ನಿಂತು ಅದನ್ನು ಕೊಂಡು ತಿನ್ನಿ. ಬಿಸಿಯೂಟದ ಸಾಲಿನಲ್ಲಿಯೂ ಮಕ್ಕಳ ಜೊತೆ ಕೂತು ಉಣ್ಣಿ. ಟೀಚರ್ ಉಣ್ಣುವ ಊಟವನ್ನು ಮಕ್ಕಳು ಬಿಟ್ಟು ಓಡುವುದು ಕಡಿಮೆ.

ಪ್ರಶ್ನೆ: ನಾನು ಪಿಯುಸಿ ಮೊದಲ ವರ್ಷ. ಕ್ಲಾಸಿನಲ್ಲಿ ನನಗೆ ಡುಮ್ಮ ಅಂತಲೇ ಹೆಸರು. ಈಗ ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಊಟ ಎರಡೂ ಬಿಟ್ಟಿದ್ದೇನೆ. ಸಂಜೆ ತಡೆಯಲಾಗದೆ ಎರಡು ಬರ್ಗರ್ ತಿಂದುಬಿಡುತ್ತೇನೆ. ಆಮೇಲೆ ಅಳು ಬರುತ್ತದೆ. ಮನೆಯಲ್ಲಿ ಹೇಳಿಲ್ಲ.
— ನವನಗರ, ಹುಬ್ಬಳ್ಳಿ

ಉತ್ತರ: ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿನಗೆ ಹಾಗೆ ಹೆಸರಿಟ್ಟವರದು ತಪ್ಪು, ನಿನ್ನದಲ್ಲ. ಆ ಬರ್ಗರ್ ಕೂಡ ನಿನ್ನ ತಪ್ಪಲ್ಲ. ಇಡೀ ದಿನ ಉಪವಾಸ ಇದ್ದವರು ಯಾರಾದರೂ ಸಂಜೆ ಹಾಗೇ ತಿನ್ನುತ್ತಾರೆ. ನಾನಾದರೂ ತಿನ್ನುತ್ತೇನೆ. ನಾಳೆ ಬೆಳಿಗ್ಗೆಯಿಂದ ತಿಂಡಿ ತಿನ್ನು. ಉಪ್ಪಿಟ್ಟು, ಅವಲಕ್ಕಿ, ಮನೆಯಲ್ಲಿ ಏನು ಮಾಡಿದ್ದಾರೋ ಅದೇ. ಮಧ್ಯಾಹ್ನದ ಡಬ್ಬಿ ಖಾಲಿ ಮಾಡು. ಸಂಜೆಗೊಂದು ಪುಟ್ಟ ಡಬ್ಬಿ ಕೇಳಿ ತೆಗೆದುಕೋ. ಜಿಮ್ಮಿಗೆ ಈಗ ದುಡ್ಡು ಹಾಕಬೇಡ. ವಿದ್ಯಾನಗರದ ಕಡೆ ಕಾಲೇಜಾದರೆ ಚಿಗರಿ ಬಸ್ಸಿನಿಂದ ಉಣಕಲ್ಲಿನಲ್ಲೇ ಇಳಿ, ಉಳಿದದ್ದನ್ನು ನಡೆ. ದಿನಕ್ಕೆ ಒಟ್ಟು ಒಂದು ತಾಸು ಮೈ ಬೆವರಬೇಕು, ನಿನ್ನ ವಯಸ್ಸಿಗೆ ಅಷ್ಟು ಬೇಕೇ ಬೇಕು. ಕಬಡ್ಡಿಯಾದರೂ ಸರಿ, ನಡಿಗೆಯಾದರೂ ಸರಿ.

ಅಳು ಬರುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಮನೆಯಲ್ಲಿ ಒಬ್ಬರಿಗೆ ಹೇಳು. ಅವ್ವನಿಗೆ ಆಗದಿದ್ದರೆ ಅಜ್ಜಿಗೆ, ಅಕ್ಕನಿಗೆ. ಹೇಳಲು ಬಾಯಿ ಬರದಿದ್ದರೆ ಈ ಪುಟವನ್ನು ತೆರೆದು ಅವರ ಮುಂದೆ ಇಡು. ಅವರನ್ನು ಕರೆದುಕೊಂಡು ಒಮ್ಮೆ ಡಾಕ್ಟರನ್ನು ನೋಡು.

ತಕ್ಕಡಿ ಹತ್ತಬೇಡ. ಒಂದು ದಾರ ತೆಗೆದುಕೋ. ತಲೆಯಿಂದ ಕಾಲಿನ ತನಕ ನಿನ್ನ ಎತ್ತರದಷ್ಟು ಕತ್ತರಿಸು. ಸರಿಯಾಗಿ ಅರ್ಧಕ್ಕೆ ಮಡಚು. ಆ ಅರ್ಧ ದಾರ ಹೊಕ್ಕುಳ ಮಟ್ಟದಲ್ಲಿ ಸೊಂಟವನ್ನು ಸುತ್ತಿ ಬರಬೇಕು, ಅದು ಸರಿಯಾದ ಅಳತೆ. ಈಗ ಎಷ್ಟು ಬೆರಳು ಕಡಿಮೆ ಬೀಳುತ್ತದೆ ಎಂದು ಎಣಿಸಿ ಬರೆದಿಟ್ಟುಕೋ. ದಾರವನ್ನು ಕಂಪಾಸ್ ಬಾಕ್ಸಿನಲ್ಲಿ ಇಡು. ಮೂರು ತಿಂಗಳಾದ ಮೇಲೆ ಮತ್ತೆ ಸುತ್ತಿ ನೋಡಿ ನನಗೆ ಬರೆ. ನಿನ್ನ ಪತ್ರಕ್ಕೆ ಕಾಯುತ್ತಿರುತ್ತೇನೆ.