ಗೆಳೆಯನಿಗೆ ಬಿಟ್ಟುಕೊಟ್ಟಿದ್ದು ಯಾರ ಗಂಟು?

ಪತ್ರ: "ಗೆಳೆಯನ ಜತೆ ಗೋವಾಕ್ಕೆ ಇಸ್ಪೀಟಿನ ಪೋಕರ್ ಟೂರ್ನಮೆಂಟ್ ಆಡಲು ಹೋಗಿದ್ದೆ. ಇಬ್ಬರೂ ಒಂದೇ ಟೇಬಲ್‌ಗೆ ಬಂದೆವು. ಅವನ ಹತ್ತಿರ ಚಿಪ್ಸ್ (ಪಣಕ್ಕಿಡುವ ಬಿಲ್ಲೆ) ಕಡಿಮೆ ಇತ್ತು. ಒಂದು ಸುತ್ತಿನಲ್ಲಿ ಕೊನೆಯ ಎಲೆ ಬಿದ್ದಾಗ ನಾವಿಬ್ಬರೇ ಉಳಿದಿದ್ದೆವು. ಅವನು ಚೆಕ್ ಅಂದ, ಅಂದರೆ ಪಣ ಒಡ್ಡದೆ ಸರದಿ ದಾಟಿಸಿದ. ನನ್ನ ಕೈಯಲ್ಲಿ ಸೋಲಲಾರದ ಎಲೆ. ಆದರೂ ಬೆಟ್ ಮಾಡದೆ ನಾನೂ ಚೆಕ್ ಅಂದೆ. ಪಕ್ಕದವರು ತಕರಾರು ತೆಗೆದರು, ನನಗೆ ಪೆನಾಲ್ಟಿ ಬಿತ್ತು. ಸನ್ನೆ ಮಾಡಿಲ್ಲ, ಎಲೆ ತೋರಿಸಿಲ್ಲ. ನನ್ನ ಚಿಪ್ಸ್, ನನ್ನ ಇಷ್ಟ. ತಪ್ಪೇನು?"
– ಓದುಗರೊಬ್ಬರು, ಜಮಖಂಡಿ

ಉತ್ತರ: ಹಣ ಕಟ್ಟಿ ಆಡುವುದೇ ತಪ್ಪು ಅನ್ನುವವರು ಈ ಪುಟ ಬಿಟ್ಟು ಮುಂದೆ ಹೋಗಬಹುದು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದನ್ನು ಸಂಸತ್ತು 2025ರ ಆಗಸ್ಟ್‌ನಲ್ಲೇ ನಿಷೇಧಿಸಿದೆ. ನನ್ನ ತಕರಾರು ಬೇರೆ.

ಒಂದೇ ಗಾಡಿಯಲ್ಲಿ ಹೋಗಿ, ಒಂದೇ ಬುತ್ತಿ ಬಿಚ್ಚಿ ಉಂಡು, ಸಂಜೆ ಅದೇ ಗೆಳೆಯನನ್ನು ಟೇಬಲ್‌ನಿಂದ ಎಬ್ಬಿಸಲು ಮನಸ್ಸು ಬರುವುದಿಲ್ಲ. ಒಪ್ಪಿದೆ. ಒಪ್ಪುವುದು ಅಷ್ಟೇ.

"ನನ್ನ ಚಿಪ್ಸ್" ಅಂದಿರಲ್ಲ, ಲೆಕ್ಕ ತಪ್ಪಿದ್ದು ಅಲ್ಲೇ. ಟೂರ್ನಮೆಂಟಿನ ಚಿಪ್ಸ್ ದುಡ್ಡಲ್ಲ. ಮಧ್ಯದಲ್ಲಿ ಎದ್ದು ಹೋಗಿ ಕೌಂಟರ್‌ನಲ್ಲಿ ಕೊಟ್ಟು ರೊಕ್ಕ ಎಣಿಸಿಕೊಳ್ಳಲು ಆಗುವುದಿಲ್ಲ. ಎಲ್ಲರೂ ಕಟ್ಟಿದ ಪ್ರವೇಶದ ಹಣ ಬಹುಮಾನವಾಗುತ್ತದೆ. ಯಾರು ಯಾವಾಗ ಹೊರಬಿದ್ದರು ಅನ್ನುವುದರ ಮೇಲೆ ಅದರ ಹಂಚಿಕೆ. ಒಬ್ಬ ಔಟಾದರೆ ಉಳಿದವರೆಲ್ಲ ಒಂದೊಂದು ಮೆಟ್ಟಿಲು ಮೇಲೆ. ನಿಮ್ಮ ಗೆಳೆಯ ಉಳಿದ, ಸರಿ. ಆ ಮೆಟ್ಟಿಲು ತಪ್ಪಿದ್ದು ಯಾರಿಗೆ? ಆ ಸುತ್ತಿನಲ್ಲಿ ಎಲೆ ಕೆಳಗಿಟ್ಟು ಸುಮ್ನೆ ಕೂತಿದ್ದವನಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇದಕ್ಕೆ ಆಟದವರು 'ಸಾಫ್ಟ್ ಪ್ಲೇ' ಅನ್ನುತ್ತಾರೆ. ಪೋಕರ್ ಒಬ್ಬೊಬ್ಬರೇ ಆಡುವ ಆಟ, ಸಾಫ್ಟ್ ಪ್ಲೇಗೆ ದಂಡ ಇದೆ ಎಂದು ಟೂರ್ನಮೆಂಟ್ ಡೈರೆಕ್ಟರ್‌ಗಳ ಸಂಘದ ನಿಯಮದಲ್ಲೇ ಬರೆದಿದೆ. ಬೇಕಂತಲೇ ಚಿಪ್ಸ್ ಸೋತು ಗೆಳೆಯನ ಕಡೆ ತಳ್ಳಿದರೆ ಆಟದಿಂದಲೇ ಹೊರಗೆ.

ಮೂವರಲ್ಲಿ ಒಬ್ಬ ಆಲ್-ಇನ್ ಆದಾಗ, ಅಂದರೆ ಇದ್ದ ಚಿಪ್ಸ್ ಎಲ್ಲ ಒಡ್ಡಿದಾಗ, ಉಳಿದಿಬ್ಬರು ಚೆಕ್ ಮಾಡುತ್ತ ಹೋಗುತ್ತಾರಲ್ಲ ಎಂದು ನೀವು ಕೇಳಬಹುದು. ಅವನು ಔಟಾದರೆ ಇಬ್ಬರಿಗೂ ಒಂದು ಮೆಟ್ಟಿಲು; ಅವರು ತಮ್ಮ ತಮ್ಮ ಆ ಲಾಭ ನೋಡಿಕೊಂಡು, ಮಾತಾಡದೆ ಹಾಗೆ ಮಾಡಿದರೆ ನಡೆಯುತ್ತದೆ. "ಇಬ್ಬರೂ ಚೆಕ್ ಮಾಡೋಣ" ಎಂದು ಬಾಯಿಬಿಟ್ಟರೆ ದಂಡ. ನಿಮ್ಮದರಲ್ಲಿ ಲಾಭದ ಮಾತೇ ಇರಲಿಲ್ಲ. ಕೊನೆಯ ಸರದಿ ನಿಮ್ಮದು, ಬೆಟ್ ಮಾಡಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ನೀವು ತಡೆದದ್ದು ಗೆಳೆಯನ ಮುಖ ನೋಡಿ.

ಸನ್ನೆ ಮಾಡಿಲ್ಲ ಅನ್ನುತ್ತೀರಿ. ಬೇಕಾಗಲಿಲ್ಲ, ಅಲ್ವಾ? 1962ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಚೆಸ್ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮೊಳಗೆ ಆಡಿದ 12 ಆಟಗಳೂ ಡ್ರಾ. ತಮ್ಮೊಳಗೆ ವಿಶ್ರಾಂತಿ, ಮಿಕ್ಕವರ ಮೇಲೆ ಬಲ. ಅಮೆರಿಕದ ಬಾಬಿ ಫಿಶರ್ ಬಹಿರಂಗವಾಗಿ ಕೂಗಾಡಿದ. ಕೊನೆಗೆ ವಿಶ್ವ ಚೆಸ್ ಸಂಸ್ಥೆ ಫಿಡೆ, ಎಲ್ಲರೂ ಎಲ್ಲರೊಂದಿಗೆ ಆಡುವ ಆ ಪದ್ಧತಿಯನ್ನೇ ಬಿಟ್ಟು ಇಬ್ಬಿಬ್ಬರ ಪಂದ್ಯಕ್ಕೆ ಬಂತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಬೇಕಂತಲೇ ಸೋಲಲು ಹೊರಟ 8 ಬ್ಯಾಡ್ಮಿಂಟನ್ ಆಟಗಾರ್ತಿಯರನ್ನು ಮನೆಗೆ ಕಳಿಸಿದರು.

ನಮ್ಮ ಮಂದಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೋಕಾಕ ಕಡೆಯ ಒಂದು ಜಾತ್ರೆಯಲ್ಲಿ ಒಂದೇ ತಾಲೀಮಿನ ಇಬ್ಬರು ಹುಡುಗರಿಗೆ ಕುಸ್ತಿಯ ಜೋಡಿ ಬಿತ್ತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಕೆಮ್ಮಣ್ಣಿನಲ್ಲಿ ಗಿರಕಿ ಹೊಡೆಯುತ್ತಿದ್ದರು. ಪಟ್ಟೂ ಇಲ್ಲ, ಬೆವರೂ ಇಲ್ಲ. ಹಲಗಿಯವನು ಬಾರಿಸುವುದನ್ನೇ ನಿಲ್ಲಿಸಿಬಿಟ್ಟ. ಮುಂದೆ ಕೂತಿದ್ದ ಮುದಿ ಪೈಲ್ವಾನರೊಬ್ಬರು "ಅಪ್ಪಿಕೊಳ್ಳೂದಾದ್ರ ಮನ್ಯಾಗ ಅಪ್ಪಿಕೋರಿ" ಅಂದರು. ಇಡೀ ಕಣ ನಕ್ಕಿತು.

ಆದರೆ ಕಣದಿಂದ ಆಚೆ ಬಂದರೆ ನಾವು ನಗುವುದಿಲ್ಲ. ಹೊಂದಾಣಿಕೆ ಅನ್ನುತ್ತೇವೆ, ದೊಡ್ಡತನ ಅನ್ನುತ್ತೇವೆ. ಈ ಚುನಾವಣೆಯಲ್ಲಿ ನೀನು ದುರ್ಬಲ ಅಭ್ಯರ್ಥಿ ಹಾಕು, ಮುಂದಿನದರಲ್ಲಿ ನಾನು ಹಾಕುತ್ತೇನೆ. ಒಂದು ಕಾಮಗಾರಿಗೆ ಬಂದ ಮೂರು ಕೊಟೇಶನ್ ನೋಡಿದ್ದೇನೆ. ಮೂರು ಲೆಟರ್‌ಹೆಡ್, ಮೂರರಲ್ಲೂ 'ದುರಸ್ತಿ' ಹೋಗಿ 'ದುರುಸ್ಥಿ' ಆಗಿತ್ತು. ಟೆಂಡರ್‌ನಲ್ಲಿ ಹೀಗೆ ಕೂಡಿ ಆಡುವುದನ್ನು 2002ರ ಸ್ಪರ್ಧಾ ಕಾಯ್ದೆ ತಡೆಯುತ್ತದೆ. ಕಾಯ್ದೆ ತನ್ನ ಪಾಡಿಗೆ ತಾನಿದೆ.

ವಿಜಯಪುರ ಕಡೆಯ ಒಣದ್ರಾಕ್ಷಿ ಬೆಳೆಗಾರರನ್ನು ಕೇಳಿ. ಹರಾಜಿನಲ್ಲಿ ಒಬ್ಬ ವ್ಯಾಪಾರಿ ದರ ಕೂಗುತ್ತಾನೆ, ಉಳಿದವರು ಮೊಬೈಲ್ ನೋಡುತ್ತಾರೆ. ಮುಂದಿನ ರಾಶಿಗೆ ಇನ್ನೊಬ್ಬನ ಪಾಳಿ. ಅಲ್ಲೂ ಸನ್ನೆ ಇಲ್ಲ ಸ್ವಾಮಿ, ಅವರೂ ಗೆಳೆಯರೇ. ಬಾಕ್ಸ್ ಹೊತ್ತು ತಂದ ರೈತ ಮಾತ್ರ ಆ ಗೆಳೆತನದಲ್ಲಿಲ್ಲ.

ಪೆನಾಲ್ಟಿ ಹಾಕಿದವರ ಮೇಲೆ ಸಿಟ್ಟು ಬೇಡ. ಮುಂದಿನ ಸಲ ಇಬ್ಬರೂ ಒಂದೇ ಟೇಬಲ್‌ಗೆ ಬಂದರೆ ಗೆಳೆಯನಿಗೆ ಮೊದಲೇ ಹೇಳಿಬಿಡಿ: ಎಲೆ ಬಂದರೆ ಬಿಡುವುದಿಲ್ಲ ಮಾರಾಯಾ, ಊಟದ ಬಿಲ್ ನನ್ನದು. ಇನ್ನು, ಹರಾಜಿನಲ್ಲಿ ಹೀಗಾಯಿತು ಅನ್ನುವ ಬೆಳೆಗಾರರು ನಮಗೆ ಬರೆಯಿರಿ. ತಾರೀಖು, ರಾಶಿಯ ತೂಕ, ಕೂಗಿದ ದರ ಇರಲಿ. ನಿಮ್ಮ ಹೆಸರು ಹಾಕುವುದಿಲ್ಲ.

– ಸಂಪಾದಕ, ಬೆಳಗಾವಿ