ರೋಗಿಯ ಸ್ವಂತ ಅನುಭವಕ್ಕೆ ನರ್ಸಿಂಗ್‌ನಲ್ಲಿ ಏನು ಬೆಲೆ?

ವ್ಯಕ್ತಿಯ ಒಳಗಿನ ಅನುಭವದ ಬಗ್ಗೆ ತತ್ವಶಾಸ್ತ್ರ ಹೇಳುವುದು ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ.

ನೋವನ್ನೇ ನೋಡಿ. ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಅಂಥದ್ದೇನೂ ಇಲ್ಲ. ಅನುಭವಿಸುವವರು ಹೇಳಬೇಕು, ಕೇಳುವವರು ನಂಬಬೇಕು. 1968ರಲ್ಲೇ ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫ್ರಿ ಇದನ್ನು ಸ್ಪಷ್ಟವಾಗಿ ಹೇಳಿದರು: ರೋಗಿ ಯಾವುದನ್ನು ನೋವು ಅನ್ನುತ್ತಾರೋ ಅದೇ ನೋವು, ಇದೆ ಅಂದಾಗ ಇದೆ. 0ಯಿಂದ 10ರೊಳಗೆ ಎಷ್ಟು ನೋವು ಎಂದು ಕೇಳುವ ರೂಢಿಯೂ ರೋಗಿಯ ಮಾತನ್ನೇ ನೆಚ್ಚಿಕೊಂಡಿದೆ. ಆದರೆ ಸುಮ್ನೆ '7' ಎಂದು ಬರೆದು ಮುಂದಿನ ಹಾಸಿಗೆಗೆ ಹೋದರೆ ಅರ್ಧ ಕೆಲಸವಷ್ಟೇ ಆಯಿತು, ಅಲ್ವಾ? ನಿದ್ದೆ ಬಂತೇ, ಮಗುವನ್ನು ಎತ್ತಿಕೊಳ್ಳಲು ಆಗುತ್ತಿದೆಯೇ ಎಂದೂ ಕೇಳಬೇಕು. ಫ್ರೆಂಚ್ ಚಿಂತಕ ಮೆರ್ಲೊ-ಪಾಂಟಿ ಹೇಳಿದ್ದು ಇದಕ್ಕೆ ಹತ್ತಿರ: ದೇಹ ನಮ್ಮ ಬಳಿ ಇರುವ ಒಂದು ವಸ್ತುವಲ್ಲ, ನಾವು ಜಗತ್ತಿನಲ್ಲಿ ಬದುಕುವುದೇ ಅದರ ಮೂಲಕ. ಮಾತಾಡಲಾಗದ ರೋಗಿಗೂ ನೋವಿರುತ್ತದೆ. ಅಲ್ಲಿ ಮುಖ, ನರಳುವಿಕೆ, ಚಲನೆಯನ್ನು ಗಮನಿಸಬೇಕು.

ಆಸ್ಪತ್ರೆ ಎಂಬ ಸಂಸ್ಥೆಯ ವಿಷಯಕ್ಕೆ ಬಂದರೆ, ವೈದ್ಯಕೀಯದ ನೋಟ ಮನುಷ್ಯನನ್ನು ಬಿಟ್ಟು ರೋಗವನ್ನಷ್ಟೇ ಹುಡುಕುತ್ತದೆ ಎಂದು ಇನ್ನೊಬ್ಬ ಫ್ರೆಂಚ್ ಚಿಂತಕ ಮಿಶೆಲ್ ಫೂಕೊ 1963ರಲ್ಲಿ ತೋರಿಸಿದರು. 'ಹಾಸಿಗೆ 12' ಎಂದು ಕರೆಯುವ ಅಭ್ಯಾಸ ಅದೇ ನೋಟದ್ದು. ಹೆಸರು ಹಿಡಿದು ಕರೆಯಲು ಜಾಸ್ತಿ ಸಮಯ ಬೇಕಿಲ್ಲ. ಕೂತು ಕೇಳಲು ಮಾತ್ರ ಸಮಯ ಬೇಕು. ಅದು ನರ್ಸ್‌ಗೆ ಸಿಗಬೇಕಾದರೆ ಪಾಳಿಯಲ್ಲಿ ಸಾಕಷ್ಟು ಜನ ಇರಬೇಕು.