ದುಡ್ಡು ಮುಗಿದರೆ ನಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಪಂಚಾಯ್ತಿಯಲ್ಲಿ ಪ್ರಿಪೇಯ್ಡ್ ನೀರಿನ ಮೀಟರ್ ಹಾಕುವ ಮಾತು ನಡೆದಿದೆ. ಬರೀ ಗಾಳಿ ಬಂದರೂ ಮೀಟರ್ ಓಡುತ್ತದಂತೆ, ಹೌದೇ? ನೀರು ಶುದ್ಧವಾಗುತ್ತದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಓಡುತ್ತದೆ. ಕರೆಂಟ್ ಹೋಗಿ ಪೈಪು ಖಾಲಿಯಾದ ಮೇಲೆ ಪಂಪ್ ಶುರುವಾದರೆ ನೀರು ಗಾಳಿಯನ್ನು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. ಒಳಗೆ ಚಕ್ರವಿರುವ ಮೀಟರಿಗೆ ಎರಡೂ ಒಂದೇ. ಕೊಡಗಿನ ಏರುತಗ್ಗಿನಲ್ಲಿ ಪೈಪು ದಿಬ್ಬ ಹತ್ತಿ ಇಳಿಯುವ ಕಡೆಯೆಲ್ಲ ಗಾಳಿ ಹೊರಬಿಡುವ ಏರ್ ವಾಲ್ವ್ ಬೇಕೇ ಬೇಕು; ಖರ್ಚು ಉಳಿಸಲು ಮೊದಲು ಕೈಬಿಡುವುದೂ ಅದನ್ನೇ!

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕೆಸರುನೀರು ಬಂದಾಗ ಮೀಟರಿನ ಬಾಯಲ್ಲಿರುವ ಜಾಲರಿ ಕಟ್ಟಿಕೊಂಡು ನೀರು ಸಣ್ಣಗಾಗುತ್ತದೆ. ನೀರು ನಿಲ್ಲಿಸಲು ಮೀಟರಿನಲ್ಲಿರುವ ವಾಲ್ವಿಗೆ ಮರಳು ಸಿಕ್ಕರೆ ಅದು ಪೂರ್ತಿ ಮುಚ್ಚದೆ, ದುಡ್ಡು ಮುಗಿದರೂ ನೀರು ಜಿನುಗುತ್ತದೆ. ಜಾಲರಿ ಬಿಚ್ಚಿ ತೊಳೆಯುವ ಕೆಲಸ ಯಾರದೆಂದು ಈಗಲೇ ಬರೆಸಿಕೊಳ್ಳಿ.

ಮೀಟರ್ ನೀರನ್ನು ಶುದ್ಧ ಮಾಡುವುದಿಲ್ಲ. ಹಣ ಮುಂಗಡ ಬರುವುದರಿಂದ ಕ್ಲೋರಿನ್, ಕರೆಂಟ್ ಬಿಲ್ಲಿಗೆ ತಡವರಿಸಬೇಕಿಲ್ಲ, ಅಷ್ಟೇ. ನಲ್ಲಿ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿ.

ದುಡ್ಡು ಮುಗಿದರೆ ವಾಲ್ವ್ ಮುಚ್ಚುತ್ತದೆ. ಜನ ತೋಡಿನ (ಹಳ್ಳದ) ನೀರಿಗೆ ಇಳಿದರೆ ಶುದ್ಧತೆಯ ಮಾತೇ ವ್ಯರ್ಥ. ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಇಂಥದೇ ಮೀಟರ್ ಹಾಕಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ ಕೊಟ್ಟರೂ ಸಾಲದೆಂದು ಜನ ಕೋರ್ಟಿಗೆ ಹೋದರು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮೀಟರಿನ ಪರವಾಗಿಯೇ ತೀರ್ಪಿತ್ತಿತು. ಮನೆಮನೆಗೆ ನಲ್ಲಿ ನೀರು ಕೊಡುವ ನಮ್ಮ ಜಲಜೀವನ್ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ ತಿಂಗಳಿಗೆ 8,250. ಇಷ್ಟು ನೀರು ಯಾವ ಕಾರಣಕ್ಕೂ ನಿಲ್ಲದಂತೆ ಮೀಟರಿನಲ್ಲೇ ಹೊಂದಿಸಲು ಗ್ರಾಮಸಭೆಯಲ್ಲಿ ಕೇಳಿ.